ವಾಗಿಮಾನ್ ಎಣಿಸಿದ ಹತ್ತು

ಜಾವಾದ ಅಂಬರಾವಾ ಪೇಟೆಯ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ವಾಗಿಮಾನನಿಗೆ ಹಾವಿನ ಹುಚ್ಚು ಹತ್ತಿದ್ದು ಒಂದು ಚೀಲದ ದೆಸೆಯಿಂದ. ಹಾವು ಸಾಕುವ ಇಬ್ಬರು ಅಂಗಡಿಗೆ ಬಂದು, ಹಾವು ಹಾಕಿಡಲು ಬಟ್ಟೆಯ ಚೀಲ ಬೇಕು, ಹೊಲಿಗೆಯ ಅಂಚೆಲ್ಲ ಹೊರಗಿರಬೇಕು, ಒಳಗೆ ಒಂದೆಳೆ ದಾರವೂ ಸಿಗಬಾರದು, ಸಿಕ್ಕರೆ ಹಾವಿನ ಹಲ್ಲಿಗೆ ತೊಡರಿಕೊಳ್ಳುತ್ತದೆ ಎಂದರು. ಇಪ್ಪತ್ತು ವರ್ಷ ಶಾಲೆ ಮಕ್ಕಳ ಚಡ್ಡಿ ಹೊಲಿದು ಬೇಸತ್ತಿದ್ದವನಿಗೆ ಇದು ಮಜವೆನಿಸಿತು. ಹೊಲಿದು ಕೊಟ್ಟ. ಸರಿಯಿದೆಯೋ ಇಲ್ಲವೋ ನೋಡೋಣವೆಂದು ಅವರು ಅಲ್ಲೇ, ಅಳತೆ ಕೊಡಲು ಬಂದ ಹೆಂಗಸರ ಎದುರಿಗೇ, ಹಾವು ಇಳಿಬಿಟ್ಟರು. ಕಪ್ಪು ಮೈ, ಮೈತುಂಬ ಹಳದಿ ಬಳೆ. ಹೆಂಗಸರು ಕಿರುಚಿಕೊಂಡು ರಸ್ತೆಗೆ ಓಡಿದರು. ವಾಗಿಮಾನ್ ಕತ್ತರಿ ಕೆಳಗಿಟ್ಟು ಕೈ ಚಾಚಿದ. ಅದಾದ ಮೇಲೆ ಹತ್ತು ವರ್ಷ ಆ ಕೈ ಸುಮ್ಮನೆ ಕೂರಲಿಲ್ಲ.

ಹೆಂಡತಿ ಬದುಕಿರುವ ತನಕ ಹಾವುಗಳೆಲ್ಲ ಹಿತ್ತಲಿನ ಕೊಟ್ಟಿಗೆಯಲ್ಲಿದ್ದವು. ಅವಳು ಹೋದ ವರ್ಷವೇ ಗಾಜಿನ ಪೆಟ್ಟಿಗೆಗಳು ಒಂದೊಂದಾಗಿ ಒಳಗೆ ಬಂದು, ಹೊಲಿಗೆ ಮೆಷಿನ್ನಿನ ಎಡಕ್ಕೆ ನಾಲ್ಕು, ಬಲಕ್ಕೆ ಮೂರು ಕೂತವು. ಮಗಳು ವೆನಿಂಗ್ ಒಬ್ಬಳೇ. ಅವಳು ಹಾವಿನ ಜೊತೆಗೇ ಬೆಳೆದವಳು, ಹೆದರಿಕೆಯೂ ಇಲ್ಲ, ಪ್ರೀತಿಯೂ ಇಲ್ಲ. ಪೆಟ್ಟಿಗೆಯ ಗಾಜು ಒರೆಸು ಎಂದರೆ ಒರೆಸುತ್ತಿದ್ದಳು, ಅಷ್ಟೆ.

ಭಾನುವಾರ ಬೆಳಿಗ್ಗೆ ಊರ ಮೈದಾನದಲ್ಲಿ ಹಾವು ಸಾಕುವವರ ಗುಂಪು ಸೇರುತ್ತದೆ. ಜಾವಾದಲ್ಲಿ ಇಂಥ ಗುಂಪಿಲ್ಲದ ಪೇಟೆ ಹುಡುಕಿದರೂ ಸಿಗಲಿಕ್ಕಿಲ್ಲ. 'ಹಾವು ಕಂಡರೆ ಕೊಲ್ಲಬೇಡಿ' ಎಂದು ಬರೆದ ಬಟ್ಟೆ ಕಟ್ಟಿ, ಕಪ್ಪಂಗಿ ತೊಟ್ಟು ನಿಲ್ಲುತ್ತಾರೆ. ವಾಯುವಿಹಾರಕ್ಕೆ ಬಂದವರು ಕೊರಳಿಗೆ ಹೆಬ್ಬಾವು ಸುತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಒಳ್ಳೆಯ ಕೆಲಸವೇ, ಇಲ್ಲವೆನ್ನುವುದಿಲ್ಲ. ಆ ಗುಂಪು ಬಂದ ಮೇಲೆ ಸುತ್ತಲ ಹಳ್ಳಿಗಳಲ್ಲಿ ಸುಮ್ಮಸುಮ್ಮನೆ ಹಾವು ಬಡಿಯುವುದು ಕಡಿಮೆಯಾಯಿತು. ಅಲ್ಲಿ ವಾಗಿಮಾನನೇ ಹಿರಿಯ. ಎಲ್ಲರಿಗೂ ಅವನು ಪಾಕ್ದೆ, ಅಂದರೆ ದೊಡ್ಡಪ್ಪ. ಕೈಯಲ್ಲಿ ಹಾವು ಹಿಡಿದು ಅವನು ಮಾತಿಗೆ ನಿಂತರೆ ಜನ ಕಡಲೆಕಾಯಿ ತಿನ್ನುವುದನ್ನೂ ಮರೆತು ಕೇಳುತ್ತಿದ್ದರು.

ಅವನ ಪ್ರಕಾರ ಲೋಕದ ಹಾವೆಲ್ಲ ಮೂರು ಜಾತಿ. ವಿಷವಿಲ್ಲದವು, ಕೊಲ್ಲುವ ವಿಷದವು, ಇವೆರಡರ ನಡುವಿನವು. ಅವನ ಜೀವವೆಲ್ಲ ಈ ನಡುವಿನವುಗಳ ಮೇಲೆ. "ಇವಕ್ಕೆ ವಿಷದ ಹಲ್ಲು ಬಾಯಿ ಹಿಂದೆ ಇರುತ್ತೆ. ಕಚ್ಚಿದ ತಕ್ಷಣ ಏನೂ ಆಗಲ್ಲ. ಕಚ್ಚಿ, ಹಿಡಕೊಂಡು, ಎಲೆಅಡಿಕೆ ಥರ ಅಗೀಬೇಕು. ಆಗ ಒಂಚೂರು ಇಳಿಯುತ್ತೆ. ಕೈ ಊದುತ್ತೆ, ಎರಡು ದಿನ ನೀರು ಕುಡಿದು ಮಲಗಿದ್ರೆ ಮೂರನೇ ದಿನ ಸರಿಹೋಗುತ್ತೆ" ಎಂದು ಎಷ್ಟು ಭಾನುವಾರ ಹೇಳಿದ್ದನೋ ಲೆಕ್ಕವಿಲ್ಲ. ಇದರಿಂದ ಗುಂಪಿನವರೇ ಒಂದು ಕಾನೂನು ಮಾಡಿಕೊಂಡಿದ್ದರು: ಊದಿದರೆ ವಿಷ ಇಳಿದಿದೆ, ಊದದಿದ್ದರೆ ಇಳಿದಿಲ್ಲ. ಯಾವ ವೈದ್ಯ ಹೇಳಿದ್ದೋ, ಯಾವ ಪುಸ್ತಕದಲ್ಲಿತ್ತೋ, ಯಾರೂ ಕೇಳಲಿಲ್ಲ. ಹಳದಿ ಬಳೆಯ ಹಾವಿನ ಮಟ್ಟಿಗೆ ಅದು ನಿಜವೂ ಆಗಿತ್ತು. ಅದೊಂದು ಹಾವಿಗೆ ನಿಜವಾದದ್ದನ್ನು ಎಲ್ಲಕ್ಕೂ ಹಚ್ಚಿಬಿಟ್ಟರು, ನೋಡಿ.

ಇನ್ನೊಂದು ಪದ್ಧತಿಯೂ ಇತ್ತು. ಗುಂಪಿಗೆ ಹೊಸದಾಗಿ ಸೇರುವವನಿಗೆ ಕಪ್ಪಂಗಿ ಸುಮ್ಮನೆ ಸಿಗುತ್ತಿರಲಿಲ್ಲ. ನಡುವಿನ ಜಾತಿಯ ಹಾವಿನಿಂದ ಒಮ್ಮೆ ಕಚ್ಚಿಸಿಕೊಳ್ಳಬೇಕು. ಹತ್ತು ಎಣಿಸುವ ತನಕ ಕೈ ಎಳೆಯಬಾರದು. ಎಣಿಸುವವನು ವಾಗಿಮಾನ್. ಅವನ ಹತ್ತು ಬಹಳ ಬೇಗ ಮುಗಿಯುತ್ತಿತ್ತು, ಒಂದೇ ಉಸಿರಿಗೆ ಗಡಗಡನೆ. ಒಂದು, ಎರಡು ಎಂಬುದಷ್ಟೇ ಕಿವಿಗೆ ಬೀಳುತ್ತಿತ್ತು, ಉಳಿದದ್ದೆಲ್ಲ ಗಂಟಲಲ್ಲೇ. ಹಾವೂ ಸಿಟ್ಟಿಗೆ ಕಚ್ಚಿ ತಾನೇ ಬಿಟ್ಟುಬಿಡುತ್ತಿತ್ತು. ಊದಿದ ಕೈಯನ್ನು ಎರಡು ದಿನ ಊರಿಗೆಲ್ಲ ತೋರಿಸಿಕೊಂಡು ತಿರುಗುವುದೇ ಒಂದು ಸಂಭ್ರಮ. ಹೀಗೆ ಇಪ್ಪತ್ತಮೂರು ಮಂದಿಗೆ ಅವನು ಎಣಿಸಿದ್ದ, ಒಬ್ಬನಿಗೂ ಏನೂ ಆಗಿರಲಿಲ್ಲ.

ಇಪ್ಪತ್ತನಾಲ್ಕನೆಯವನು ಅವನ ಅಳಿಯ.

ಅಳಿಯನ ಹೆಸರು ತಾರ್ಮುಜಿ. ಪಕ್ಕದ ರಾವಾ ಪೆನಿಂಗ್ ಕೆರೆಯಲ್ಲಿ ದೋಣಿ ಹಾಕಿ ಅಂತರಗಂಗೆಯ ದಂಟು ಕೊಯ್ಯುತ್ತಿದ್ದ, ಒಣಗಿಸಿ ಬುಟ್ಟಿ ಹೆಣೆಯುವವರಿಗೆ ಮಾರುತ್ತಿದ್ದ. ಸಾಧು ಮನುಷ್ಯ, ಮಾತು ಕಡಿಮೆ. ಹೆಂಡತಿಗೆ ಬಸಿರಿನಲ್ಲಿ ಹುಳಿ ಮಾವು ಬೇಕೆಂದರೆ ಕೆಲಸ ಬಿಟ್ಟು ಹುಡುಕಿಕೊಂಡು ಹೋಗುವವನು. ಹಾವು ಕಂಡರೆ ಮಾತ್ರ ಅವನ ಕೈಕಾಲು ನಡುಗುತ್ತಿತ್ತು. ಮದುವೆಯಾಗಿ ಮಾವನ ಮನೆಗೇ ಬಂದು ಎರಡು ವರ್ಷವಾಗಿದ್ದರೂ, ಗಾಜಿನ ಪೆಟ್ಟಿಗೆಗಳ ಮುಂದೆ ಹಾಯದೆ ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಿದ್ದ. ವಾಗಿಮಾನನಿಗೆ ಇದು ನುಂಗಲಾರದ ತುತ್ತಾಗಿತ್ತು. ಅಂಬರಾವಾದ ಪಾಕ್ದೆಯ ಅಳಿಯ ಹಾವಿಗೆ ಹೆದರುವವನು ಎಂದರೆ ಜನ ನಗುವುದಿಲ್ಲವೇ?

ನಕ್ಕರು ಕೂಡ. ವೆನಿಂಗ್‌ಗೆ ಏಳು ತಿಂಗಳು ತುಂಬಿ, ಹೂನೀರು ಹಾಕುವ ಶಾಸ್ತ್ರದ ದಿನ, ಮನೆ ತುಂಬ ನೆಂಟರು. ಯಾರೋ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಒಂದು ಹಸಿರು ಹಾವು, ಬೆರಳಿನಷ್ಟು ದಪ್ಪದ್ದು, ಅನ್ನದ ಬೋಗುಣಿಯ ಹತ್ತಿರ ತಲೆ ಎತ್ತಿತು. ತಾರ್ಮುಜಿ "ಅಯ್ಯೋ!" ಎಂದು ಕುರ್ಚಿಯ ಮೇಲೆ ಹತ್ತಿ ನಿಂತ. ಹೆಂಗಸರು, ಮುದುಕರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ವಾಗಿಮಾನ್ ಹಾವನ್ನೆತ್ತಿ ಕೈಗೆ ಸುತ್ತಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ದೇವರೇ, ಹುಟ್ಟೋ ಕೂಸು ಅಮ್ಮನ ಥರ ಇದ್ರೆ ಸಾಕಪ್ಪ. ಅಪ್ಪನ ಥರ ಆದ್ರೆ ಕುರ್ಚಿ ಅಂಗಡಿ ಇಡಬೇಕಾಗುತ್ತೆ."

ಮತ್ತೆ ನಗು. ತಾರ್ಮುಜಿಯೂ ನಕ್ಕ, ಆದರೆ ಅವತ್ತು ಅವನು ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಮಾವ ಚಹಾ ಕುಡಿಯುತ್ತಿದ್ದಾಗ ಮುಂದಿನ ಬಾಗಿಲಿನಿಂದಲೇ ಒಳಗೆ ಬಂದು ನಿಂತ.

"ಬಾಪಾ, ಬರೋ ಭಾನುವಾರ ನಾನೂ ಕಪ್ಪಂಗಿ ಹಾಕ್ಕೋತೀನಿ."

"ತಮಾಷೆ ಮಾಡ್ಬೇಡ ಮಾರಾಯ."

"ತಮಾಷೆ ಅಲ್ಲ. ನೀವೇ ಎಣಿಸಿ."

ವಾಗಿಮಾನ್ ಎದ್ದು ಅವನ ಭುಜ ತಟ್ಟಿದ. ಎರಡು ವರ್ಷದಲ್ಲಿ ಮೊದಲ ಸಲ. ವೆನಿಂಗ್ ಒಳಗಿನಿಂದ ಕೇಳಿಸಿಕೊಂಡು ಹೊಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು.

"ಏನು ಹುಚ್ಚು ಇದು? ಬಾಪಾ, ನೀವಾದ್ರೂ ಬೇಡ ಅನ್ನಬಾರ್ದಾ?"

"ಅವನೇ ಕೇಳ್ತಿದಾನೆ. ನಾನೇನು ಕೊರಳು ಹಿಡಿದು ಎಳ್ಕೊಂಡು ಬಂದ್ನಾ?"

"ನಿನ್ನೆ ಅಷ್ಟು ಜನರ ಮುಂದೆ ಆಡಿಕೊಂಡ್ರಲ್ಲ, ಅದು ಮತ್ತೇನು?"

"ನಗೆಚಾಟಿಕೆ ಮಾಡೋದೂ ತಪ್ಪಾ? ಇಪ್ಪತ್ತಮೂರು ಜನ ಕಚ್ಚಿಸ್ಕೊಂಡಿದಾರೆ. ಒಬ್ಬ ಸತ್ತಿದಾನಾ ತೋರಿಸು!"

ತಾರ್ಮುಜಿ ಹೆಂಡತಿಯ ಕೈ ಹಿಡಿದು, "ಹೋಗ್ಲಿ ಬಿಡೆ. ಎರಡು ದಿನ ಕೈ ಊದುತ್ತೆ, ನೀನೇ ತುತ್ತು ಮಾಡಿ ಹಾಕು" ಎಂದ. ಅವಳು ಕೈ ಕಿತ್ತುಕೊಂಡು ಒಳಗೆ ಹೋದಳು.

ಭಾನುವಾರ ಬಂತು. ಕಚ್ಚಿಸಲೆಂದು ಇಟ್ಟಿದ್ದ ಹಳದಿ ಬಳೆಯ ಹಾವು ಆ ವಾರ ಪೊರೆ ಬಿಡುವುದರಲ್ಲಿತ್ತು, ಕಣ್ಣು ಹಾಲುಗಟ್ಟಿತ್ತು. ಆ ಹೊತ್ತಿನಲ್ಲಿ ಹಾವನ್ನು ಮುಟ್ಟಿ ಗೋಳು ಹೊಯ್ದುಕೊಳ್ಳುವುದು ಸಾಕುವವರ ಧರ್ಮವಲ್ಲ. ಹಾವಿಗೆ ನೋವಾದೀತೆಂದು ಇಷ್ಟು ಯೋಚನೆ ಮಾಡಿದ ಮನುಷ್ಯನೇ ಮುಂದಿನ ಕೆಲಸ ಮಾಡಿದ್ದು. ಅದಿಲ್ಲದಿದ್ದರೆ ಇನ್ನೊಂದು ಎಂದು ಪಿಚುಂಗ್ ಹಾವನ್ನು ಚೀಲಕ್ಕೆ ಹಾಕಿಕೊಂಡ.

ಪಿಚುಂಗ್ ಎಂದರೆ ಗದ್ದೆಯ ಅಂಚಿನಲ್ಲಿ ಕಪ್ಪೆ ತಿಂದುಕೊಂಡಿರುವ ಬಡಪಾಯಿ ಹಾವು. ಪಾಚಿ ಬಣ್ಣದ ಮೈ, ಕೊರಳಿಗೆ ಕುಂಕುಮ ಬಳಿದಷ್ಟು ಕೆಂಪು. ವಾಗಿಮಾನನ ಹತ್ತಿರ ಆರು ವರ್ಷದಿಂದ ಇತ್ತು, ಒಂದು ದಿನವೂ ಯಾರಿಗೂ ಬಾಯಿ ಹಾಕಿರಲಿಲ್ಲ. ಓಣಿಯ ಹೆಣ್ಣುಮಕ್ಕಳು ಅಂಗಡಿಗೆ ಬಂದರೆ ಕೇಳಿ ಎತ್ತಿಕೊಳ್ಳುತ್ತಿದ್ದುದು ಅದನ್ನೇ. ಅವನ ಪಟ್ಟಿಯಲ್ಲಿ ಅದು ನಡುವಿನ ಜಾತಿ, ನಡುವಿನವುಗಳಲ್ಲೂ ವಿಷದಲ್ಲಿ ಕಟ್ಟಕಡೆಯದು.

ಮೈದಾನದಲ್ಲಿ ಪಿಚುಂಗ್ ಕಚ್ಚಲೊಲ್ಲದು. ಬೆರಳು ಮೂಗಿಗೆ ತಾಗಿಸಿದರೆ ಮುಖ ತಿರುಗಿಸಿಕೊಳ್ಳುತ್ತದೆ. ಜನ ನಗತೊಡಗಿದರು. ಗ್ಯಾಸ್ ಸಿಲಿಂಡರ್ ಮಾರುವ ಗಿಯಾಂತೊ, ಗುಂಪಿನ ವಿಡಿಯೊ ತೆಗೆಯುವವನು, ಫೋನ್ ಹಿಡಿದುಕೊಂಡೇ ಕೂಗಿದ, "ಪಾಕ್ದೆ, ನಿಮ್ಮ ಹಾವೂ ನಿಮ್ಮ ಅಳಿಯನ ಥರಾನೇ, ಪಾಪದ್ದು!"

ತಾರ್ಮುಜಿಯ ಕಿವಿ ಕೆಂಪಾಯಿತು. ವಾಗಿಮಾನನದೂ. ಅವನಿಗೆ ಉಪಾಯ ಹೊಳೆದದ್ದು ಆಗಲೇ. ಹಾವಿಗೆ ಮೇವೆಂದು ತಂದಿದ್ದ ಡಬ್ಬಿಯಿಂದ ಒಂದು ನೆಲಗಪ್ಪೆ ತೆಗೆದು, ಅಳಿಯನ ಬಲಗೈಯ ಕಿರುಬೆರಳಿನ ಕೆಳಗೆ, ಅಂಗೈಯ ಮೆತ್ತನೆಯ ಅಂಚಿಗೆ ಚೆನ್ನಾಗಿ ಉಜ್ಜಿದ. ಹಾವು ನಾಲಿಗೆ ಚಾಚಿತು. ಒಮ್ಮೆ, ಇನ್ನೊಮ್ಮೆ. ಆಮೇಲೆ ಬಾಯಿ ತೆರೆದು ಹಿಡಿಯಿತು.

ಸಿಟ್ಟಿಗೆ ಕಚ್ಚುವ ಹಾವು ಕಚ್ಚಿ ಬಿಡುತ್ತದೆ. ಊಟವೆಂದು ಕಚ್ಚುವ ಹಾವು ಬಿಡುವುದಿಲ್ಲ, ನುಂಗಲು ನೋಡುತ್ತದೆ. ಪಿಚುಂಗ್ ಒಂದು ಕಡೆಯ ದವಡೆ ಮುಂದಿಟ್ಟು, ಇನ್ನೊಂದು ಕಡೆಯದನ್ನು ಮುಂದಿಟ್ಟು, ಕಪ್ಪೆಯನ್ನು ಒಳಗೆಳೆದುಕೊಳ್ಳುವ ಹಾಗೆಯೇ ಅಗಿಯುತ್ತ ಹಿಂದಿನ ಹಲ್ಲುಗಳನ್ನು ಮಾಂಸಕ್ಕೆ ತಂದಿತು. ಹಾವು ಸಾಕುವವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ವಾಗಿಮಾನನಿಗಂತೂ ಚೆನ್ನಾಗಿ ಗೊತ್ತಿತ್ತು.

"ಒಂದು" ಎಂದ.

ಎರಡು ಎನ್ನಲು ಬಾಯಿ ತೆರೆದಾಗ ಹಿಂದಿನಿಂದ ಯಾರೋ ಕೂಗಿದರು. "ಅಳಿಯ ಅಂತ ಬೇಗ ಬೇಗ ಎಣಿಸ್ಬೇಡಿ ಪಾಕ್ದೆ! ನ್ಯಾಯ ನ್ಯಾಯವೇ!"

ಗುಂಪು ಹೋ ಎಂದಿತು. ವಾಗಿಮಾನನಿಗೆ ರೋಷ ಬಂತು. ನಾನು ಪಕ್ಷಪಾತ ಮಾಡುವವನೇ? ನೋಡಿಕೊಳ್ಳಿ ಹಾಗಾದರೆ. ಸೊಂಟದ ಮೇಲೆ ಕೈಯಿಟ್ಟು, ಜನರತ್ತ ತಿರುಗಿ, "ಎರಡು" ಎಂದ. ಹಿಂದಿನ ಹಲ್ಲಿನ ವಿಚಾರ ವಿವರಿಸಿದ. "ಮೂರು" ಎಂದ. ಹಾವು ರೈತನ ಗೆಳೆಯ ಹೇಗೆ ಎಂದು ಹೇಳಿದ. "ನಾಲ್ಕು." ತಾರ್ಮುಜಿ ಹಲ್ಲು ಕಚ್ಚಿ ಮಾವನ ಮುಖವನ್ನೇ ನೋಡುತ್ತಿದ್ದ, ಕೈ ಮಾತ್ರ ಅಲುಗಲಿಲ್ಲ. ಐದಕ್ಕೂ ಆರಕ್ಕೂ ನಡುವೆ ವಾಗಿಮಾನ್ ಒಂದು ಹಳೆಯ ಪ್ರಸಂಗವನ್ನೇ ಹೇಳಿ ನಗಿಸಿದ. ಅಳಿಯನ ಧೈರ್ಯ ನೋಡಿ ಅವನ ಎದೆ ಉಬ್ಬಿತ್ತು, ಅದನ್ನು ಊರೆಲ್ಲ ಕಣ್ಣು ತುಂಬ ನೋಡಲಿ ಎನ್ನಿಸಿತ್ತು. ಹತ್ತು ಎಂದಾಗ ಮೈದಾನವೆಲ್ಲ ಚಪ್ಪಾಳೆ. ಹಾವಿನ ಬಾಯಿ ಬಿಡಿಸಲು ಇಬ್ಬರು ಬೇಕಾದರು.

ಕೈಯಲ್ಲಿ ನಾಲ್ಕಾರು ಸಣ್ಣ ಚುಕ್ಕಿ, ಸ್ವಲ್ಪ ರಕ್ತ. ಎಲ್ಲರೂ ಊತಕ್ಕಾಗಿ ಕಾದರು. ಹತ್ತು ನಿಮಿಷ, ಅರ್ಧ ಗಂಟೆ. ಕೈ ಇದ್ದ ಹಾಗೇ ಇತ್ತು. ನೋವೂ ಇಲ್ಲ.

"ಊದಲೇ ಇಲ್ಲ! ವಿಷಾನೇ ಇಳಿದಿಲ್ಲ ಕಣ್ರೋ!" ಎಂದು ಗಿಯಾಂತೊ ಸಾರಿದ. ವಾಗಿಮಾನ್ ತಾನೇ ಹೊಲಿದ ಕಪ್ಪಂಗಿಯನ್ನು ಅಳಿಯನಿಗೆ ತೊಡಿಸಿದ. ಇಬ್ಬರೂ ರಸ್ತೆ ಬದಿಯಲ್ಲಿ ಕೂತು ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸದ ಸಾತೆ ತಿಂದರು, ಸಿಹಿ ಚಹಾ ಕುಡಿದರು. ಅಳಿಯನ ಜೊತೆ ಅವನು ಹಾಗೆ ಕೂತು ತಿಂದದ್ದು ಅದೇ ಮೊದಲು. ತಾರ್ಮುಜಿ ಅಂಗಿಯ ಮೇಲೆ ಸಾರು ಚೆಲ್ಲದ ಹಾಗೆ ಬಾಗಿ ಬಾಗಿ ತಿನ್ನುತ್ತಿದ್ದ.

ಮಧ್ಯಾಹ್ನ ಮನೆಯಲ್ಲಿ ವೆನಿಂಗ್ ಗಂಡನ ಕೈಗೆ ಕಟ್ಟಿದ ಬಟ್ಟೆ ಬಿಚ್ಚಿದಳು. ಚುಕ್ಕಿಗಳಿಂದ ರಕ್ತ ಇನ್ನೂ ಜಿನುಗುತ್ತಿತ್ತು. ಬೇರೆ ಬಟ್ಟೆ ಕಟ್ಟಿದಳು. ಸಂಜೆಗೆ ಮೂರನೆಯ ಸಲ ಬದಲಾಯಿಸುವಾಗ ಅಪ್ಪನನ್ನು ಕರೆದಳು.

"ಇಷ್ಟು ಹೊತ್ತಾದ್ರೂ ನಿಲ್ತಿಲ್ವಲ್ಲ ಬಾಪಾ. ಆಸ್ಪತ್ರೆಗೆ ಹೋಗೋಣ."

"ಊದಿದ್ಯಾ?"

"ಇಲ್ಲ."

"ಮತ್ತೆ? ಊದದೇ ಇದ್ದಿದ್ದಕ್ಕೆ ಆಸ್ಪತ್ರೆಗೆ ಹೋದ್ರೆ ನಾಳೆ ಊರೋರು ಏನಂತಾರೆ? ಸುಮ್ನಿರು."

ಸೋಮವಾರ ಬೆಳಿಗ್ಗೆ ತಾರ್ಮುಜಿ ಬಾಯಿ ಮುಕ್ಕಳಿಸಿ ಉಗುಳಿದ ನೀರು ಕೆಂಪಗಿತ್ತು. ತಲೆ ಸಿಡಿಯುತ್ತಿದೆ ಎಂದ. ವಸಡು ಒತ್ತಿಕೊಂಡರೆ ಬೆರಳಿಗೆ ರಕ್ತ. "ಜೋರಾಗಿ ಉಜ್ಜಿರ್ತೀಯ" ಎಂದು ವಾಗಿಮಾನ್ ಹೇಳಿದನೇನೋ ನಿಜ, ಆದರೆ ಹೊಲಿಗೆಗೆ ಕೂತವನಿಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಾರ್ಮುಜಿ ಬಚ್ಚಲಿನಿಂದ ಬಂದು, ಗೋಡೆ ಹಿಡಿದು ನಿಂತು, "ವೆನಿಂಗ್, ಉಚ್ಚೆಯೂ ಕೆಂಪಗೆ ಹೋಗ್ತಿದೆ ಕಣೆ" ಎಂದ. ಅವಳು ಅಪ್ಪನನ್ನು ಕೇಳಲು ನಿಲ್ಲಲಿಲ್ಲ. ಪಕ್ಕದ ಮನೆಯವರ ಗಾಡಿ ಕರೆದಳು.

ಪೇಟೆಯ ಆಸ್ಪತ್ರೆಯಲ್ಲಿದ್ದದ್ದು ವಯಸ್ಸಿನಲ್ಲಿ ಸಣ್ಣ ಡಾಕ್ಟರಮ್ಮ. ಸೌಮ್ಯವಾಗಿ ಕೇಳಿದರು, ಕೇಳಬೇಕಾದ್ದನ್ನೇ ಕೇಳಿದರು.

"ಯಾವ ಹಾವು?"

"ಪಿಚುಂಗ್, ಡಾಕ್ಟರಮ್ಮ. ನಡುವಿನ ಜಾತಿ" ಎಂದ ವಾಗಿಮಾನ್.

"ಎಷ್ಟು ಹೊತ್ತು ಹಿಡಿದಿತ್ತು?"

ತಾರ್ಮುಜಿ ಮಂಚದ ಮೇಲೆ ಕಣ್ಣು ಮುಚ್ಚಿದ್ದ. ವೆನಿಂಗ್ ಅಪ್ಪನನ್ನೇ ನೋಡುತ್ತಿದ್ದಳು. ಮಗಳ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಹತ್ತು ಎಣಿಸೋವಷ್ಟು."

"ಹತ್ತು ಸೆಕೆಂಡು" ಎಂದು ಡಾಕ್ಟರಮ್ಮ ಬರೆದುಕೊಂಡರು. ಅವನು ತಿದ್ದಲಿಲ್ಲ. "ಹತ್ತು ಸೆಕೆಂಡಿಗೆ ಇಷ್ಟೆಲ್ಲ ಆಗೋದು ನಾನಂತೂ ಕೇಳಿಲ್ಲ. ಊತಾನೂ ಇಲ್ಲ. ಈಗ ಊರೆಲ್ಲ ಡೆಂಗಿ ಇದೆ, ಅದ್ರಲ್ಲೂ ಹೀಗೇ ರಕ್ತ ಹೋಗುತ್ತೆ. ಮೊದ್ಲು ಅದನ್ನ ನೋಡೋಣ. ಇವತ್ತು ಇಲ್ಲೇ ಇರಲಿ."

ಡೆಂಗಿ ಎಂಬ ಮಾತು ಕಿವಿಗೆ ಬಿದ್ದದ್ದೇ ವಾಗಿಮಾನನಿಗೆ ಹೋದ ಜೀವ ಬಂದ ಹಾಗಾಯಿತು. ಯಾರಿಗೋ ಬರುವ ಜ್ವರ, ಸೊಳ್ಳೆ ತರುವ ಜ್ವರ. ಡೆಂಗಿಯೇ ಆಗಿರಲಪ್ಪ ದೇವರೇ ಎಂದು ಆಸ್ಪತ್ರೆಯ ನಮಾಜಿನ ಕೋಣೆಯಲ್ಲಿ ಕೂತು ಬೇಡಿಕೊಂಡ. ಅಳಿಯನಿಗೆ ಡೆಂಗಿ ಬರಲಿ ಎಂದು ದೇವರನ್ನು ಬೇಡಿದ ಮಾವ ಇನ್ನೊಬ್ಬನಿರಲಾರ.

ಮಂಗಳವಾರ ಬೆಳಿಗ್ಗೆ ಡೆಂಗಿಯಲ್ಲ ಎಂದು ಗೊತ್ತಾಯಿತು. ಅದೇ ಹೊತ್ತಿಗೆ ವೆನಿಂಗ್ ಹೊರಗಿನ ಬೆಂಚಿನ ಮೇಲೆ ಕೂತು ಫೋನ್ ತೆಗೆದಿದ್ದಳು. ಗಿಯಾಂತೊ ಭಾನುವಾರವೇ ವಿಡಿಯೊ ಹಾಕಿದ್ದ. 'ಪಾಕ್ದೆಯ ಅಳಿಯ ಎಂದರೆ ಸುಮ್ಮನೆಯೇ' ಎಂದು ಮೇಲೆ ಬರೆದಿದ್ದ. ಅವಳು ಮೊದಲಿನಿಂದ ಕೊನೆಯ ತನಕ ನೋಡಿದಳು. ಅಪ್ಪ ಎರಡು ಎಂದದ್ದು, ಮಾತಾಡಿದ್ದು, ಮೂರು ಎಂದದ್ದು, ನಗಿಸಿದ್ದು. ಗಂಡ ಅಪ್ಪನ ಮುಖ ನೋಡುತ್ತ ನಿಂತದ್ದು. ಹಾವು ಹಿಡಿದಲ್ಲಿಂದ ಬಿಡಿಸುವ ತನಕ ಎರಡು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ. ಎದುರಿಗೇ ಕೂತಿದ್ದ ಅಪ್ಪನಿಗೆ ಒಂದು ಮಾತೂ ಹೇಳದೆ ಎದ್ದು, ನೇರ ಡಾಕ್ಟರಮ್ಮನ ಕೋಣೆಗೆ ಹೋಗಿ ಫೋನನ್ನು ಮೇಜಿನ ಮೇಲಿಟ್ಟಳು.

ಡಾಕ್ಟರಮ್ಮ ನೋಡಿ ಮುಗಿಸಿ, ಕನ್ನಡಕ ತೆಗೆದು, ವಾಗಿಮಾನನನ್ನು ಒಳಗೆ ಕರೆಸಿದರು. "ನಿನ್ನೆ ಯಾಕೆ ಹೇಳ್ಲಿಲ್ಲ?" ಎಂದರು, ಅಷ್ಟೆ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ಸೆಮಾರಾಂಗ್‌ನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಬಂತು. ಒಳಗೆ ಹತ್ತಿಸುವಾಗ ತಾರ್ಮುಜಿಗೆ ಸ್ವಲ್ಪ ಎಚ್ಚರವಿತ್ತು. ಕಣ್ಣಿನ ಬಿಳಿಯಲ್ಲಿ ರಕ್ತ ಇಳಿದಿತ್ತು. ಮಾವನನ್ನು ಗುರುತು ಹಿಡಿದು ಕೈಸನ್ನೆ ಮಾಡಿದ. ವಾಗಿಮಾನ್ ಬಾಗಿದ.

"ಬಾಪಾ, ನಾನು ಕೈ ಎಳೀಲಿಲ್ಲ ಅಲ್ವಾ?"

"ಇಲ್ಲಪ್ಪ. ಎಳೀಲಿಲ್ಲ."

"ಕಡೇ ತನಕ?"

"ಕಡೇ ತನಕ."

ತಾರ್ಮುಜಿ ಮಾತಾಡಿದ್ದು ಅದೇ ಕೊನೆ. ಸೆಮಾರಾಂಗ್‌ನ ವೈದ್ಯರು ರಾಜಧಾನಿಗೆಲ್ಲ ಫೋನ್ ಮಾಡಿದರು. ಆಸ್ಪತ್ರೆಯಲ್ಲಿದ್ದ ಮದ್ದು ನಾಗರಕ್ಕೆ, ಕಟ್ಟುಹಾವಿಗೆ ಆಗುವಂಥದ್ದು, ಪಿಚುಂಗ್‌ಗಲ್ಲ. ಈ ಜಾತಿಗೆ ಆಗುವ ಮದ್ದು ಜಪಾನಿನಲ್ಲಿ ಮಾತ್ರ ಮಾಡುತ್ತಾರಂತೆ. ಚೀಲ ಚೀಲ ರಕ್ತ ಏರಿಸಿದರು, ಏರಿಸಿದ್ದೂ ಹೆಪ್ಪುಗಟ್ಟದೆ ಸೋರಿಹೋಯಿತು. ತಲೆಯೊಳಗೆ ರಕ್ತ ಇಳಿದಿದೆ ಎಂದು ಮಂಗಳವಾರ ಸಂಜೆ ಹೇಳಿದರು. ಬುಧವಾರ ಮಧ್ಯಾಹ್ನದ ಬಾಂಗ್‌ಗೆ ಮುಂಚೆ ತಾರ್ಮುಜಿ ಹೋಗಿಬಿಟ್ಟ. ಮೂವತ್ತೊಂದು ವರ್ಷ. ಕೈ ಕೊನೆಯ ತನಕ ಊದಲಿಲ್ಲ.

ಒಂದು ದಿನ ಮುಂಚೆ ತಂದಿದ್ದರೆ ಉಳಿಯುತ್ತಿದ್ದನೇ ಎಂದು ವಾಗಿಮಾನ್ ಅಲ್ಲಿನ ವೈದ್ಯರನ್ನು ಕೇಳಿದ. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು, ಯಾರು ಹೇಳಬಲ್ಲರು ಎಂದರು ಅವರು. ಆ ಉತ್ತರವನ್ನು ಇವತ್ತಿಗೂ ಅವನು ಹೊತ್ತು ತಿರುಗುತ್ತಿದ್ದಾನೆ.

ಮಣ್ಣು ಮಾಡಿ ಬಂದ ಮೇಲೆ ಏಳು ಸಂಜೆ ಮನೆಯಲ್ಲಿ ಪ್ರಾರ್ಥನೆ. ಓಣಿಯವರೆಲ್ಲ ಬಂದರು, ಚಾಪೆಯ ಮೇಲೆ ಕೂತರು, ಚಹಾ ಕುಡಿದರು, ವಾಗಿಮಾನನ ಕೈ ಹಿಡಿದು "ಹಣೆಬರಹ, ಪಾಕ್ದೆ" ಎಂದರು. ಪ್ರಾರ್ಥನೆ ನಡೆಸಿಕೊಟ್ಟ ಹಿರಿಯರೂ ಅದನ್ನೇ ಹೇಳಿದರು. ಕಪ್ಪಂಗಿಯವರು ಸಾಲಾಗಿ ಬಂದು, ತಾರ್ಮುಜಿ ಹಾವುಗಳಿಗಾಗಿ ಜೀವ ಕೊಟ್ಟ ಎಂದರು. ಗಿಯಾಂತೊ ವಿಡಿಯೊ ಅಳಿಸಿಹಾಕಿದೆ ಎಂದು ಕಿವಿಯಲ್ಲಿ ಹೇಳಿದ, ಉಪಕಾರ ಮಾಡಿದವನ ಹಾಗೆ. ವಾಗಿಮಾನ್ ಎಲ್ಲರ ಮುಖ ನೋಡಿದ. ನೀನೇ ಕೊಂದೆ ಎಂದು ಒಬ್ಬನಾದರೂ ಹೇಳಿದ್ದರೆ ಅವನ ಕಾಲು ಹಿಡಿಯುತ್ತಿದ್ದ. ಯಾರೂ ಹೇಳಲಿಲ್ಲ. ಅಷ್ಟು ಒಳ್ಳೆಯ ಜನ.

ಹಣೆಬರಹ ಎನ್ನದವಳು ವೆನಿಂಗ್ ಒಬ್ಬಳೇ. ನಲವತ್ತು ದಿನ ಅಪ್ಪನ ಮುಂದೆ ಅನ್ನದ ತಟ್ಟೆ ಇಟ್ಟಳು, ತೆಗೆದಳು, ಮಾತಿಲ್ಲ. ಆ ದಿನಗಳಲ್ಲಿ ವಾಗಿಮಾನ್ ಹಾವುಗಳನ್ನೆಲ್ಲ ಬೇರೆಯವರಿಗೆ ಕೊಟ್ಟುಬಿಟ್ಟ. ಪಿಚುಂಗ್ ಅನ್ನು ಮಾತ್ರ ತಾನೇ ಕೆರೆಯಂಚಿನ ಗದ್ದೆಗೆ ಒಯ್ದು ಬಿಟ್ಟ. ಅದರದೇನು ತಪ್ಪು? ಅದಕ್ಕೆ ಕಪ್ಪೆಯ ವಾಸನೆ ತೋರಿಸಿದವನು ಅವನು.

ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು ಜನ ಹೋದ ಮೇಲೆ, ಅವಳು ತುಂಬು ಹೊಟ್ಟೆಯಲ್ಲಿ ಅಪ್ಪನ ಎದುರು ಬಂದು ಕೂತಳು.

"ಬಾಪಾ, ನಂಗೆ ಹೋಗೋಕೆ ಬೇರೆ ಮನೆ ಇಲ್ಲ. ಇಲ್ಲೇ ಇರ್ತೀನಿ. ಹುಟ್ಟೋ ಕೂಸನ್ನ ನೀವು ಎತ್ಕೊಳ್ಳಿ, ಆಡಿಸಿ, ನಾನು ತಡೆಯಲ್ಲ."

ವಾಗಿಮಾನ್ "ನ್ದುಕ್..." ಎಂದ. ಮಗಳು ಚಿಕ್ಕವಳಿದ್ದಾಗ ಅವನು ಕರೆಯುತ್ತಿದ್ದದ್ದು ಹಾಗೆ.

"ಇನ್ನೂ ಮುಗಿದಿಲ್ಲ. ಒಂದಲ್ಲ ಒಂದಿನ ಅದು ಕೇಳುತ್ತೆ, ನಮ್ಮಪ್ಪ ಹೇಗೆ ಹೋದ ಅಂತ. ಅವತ್ತು ನಾನು ಹೇಳಲ್ಲ. ನೀವು ಹೇಳ್ಬೇಕು. ಹಣೆಬರಹ ಅನ್ಬಾರ್ದು, ಹಾವು ಅನ್ಬಾರ್ದು. ಮೈದಾನದಲ್ಲಿ ಆದದ್ದು, ಡಾಕ್ಟರಮ್ಮನ ಹತ್ರ ಆದದ್ದು, ಎಲ್ಲಾ. ಅಲ್ಲೀವರೆಗೆ ನೀವು ಸಾಯೋ ಹಾಗಿಲ್ಲ."

ಹೆಣ್ಣು ಕೂಸು ಹುಟ್ಟಿತು. ರಾರಾಸ್ ಎಂದು ಹೆಸರಿಟ್ಟರು. ವಾಗಿಮಾನ್ ಮತ್ತೆ ಶಾಲೆ ಮಕ್ಕಳ ಚಡ್ಡಿಗೆ ಕೂತ. ಭಾನುವಾರ ಒಮ್ಮೊಮ್ಮೆ ಮೈದಾನಕ್ಕೆ ಹೋಗಿ, ಪಟ್ಟಿಯಲ್ಲಿ ಆ ಹಾವನ್ನು ಕೊಲ್ಲುವ ವಿಷದವುಗಳ ಸಾಲಿಗೆ ಹಾಕಿ, ಈ ಕಚ್ಚಿಸಿಕೊಳ್ಳುವ ಹುಚ್ಚು ಬಿಡಿ ಎಂದು ಹೇಳಿ ನೋಡಿದ. ಕೆಲವರು ತಲೆಯಾಡಿಸಿದರು, ಕೆಲವರು ಪಾಪ ಪಾಕ್ದೆಗೆ ತಲೆ ಸರಿಯಿಲ್ಲ ಎಂದರು. ಎಣಿಸಲು ಬೇರೊಬ್ಬ ಸಿಕ್ಕಿದ್ದ. ಮಗು ಬೆಳೆಯಿತು, ತೊಡೆಯೇರಿತು, ಅವನನ್ನು ಕಾಕುಂಗ್, ಅಂದರೆ ತಾತ, ಎಂದು ಕರೆಯಿತು. ಆ ಕರೆ ಕೇಳಿದಾಗಲೆಲ್ಲ ಅವನ ಎದೆ ಹಿಗ್ಗುತ್ತಿತ್ತು, ಮರುಗಳಿಗೆಯೇ ಧಸಕ್ಕೆನ್ನುತ್ತಿತ್ತು. ಇವತ್ತು ಕೇಳುತ್ತಾಳೋ, ನಾಳೆ ಕೇಳುತ್ತಾಳೋ. ಹೇಳಬೇಕಾದ್ದನ್ನು ಬಟ್ಟೆ ಕತ್ತರಿಸುವಾಗ ಮನಸ್ಸಿನಲ್ಲೇ ಹೇಳಿ ಹೇಳಿ ನೋಡಿಕೊಳ್ಳುತ್ತಿದ್ದ. ಪ್ರತಿ ಸಲವೂ ಎಲ್ಲೋ ಒಂದು ಕಡೆ ತನಗೆ ಬೇಕಾದ ಹಾಗೆ ಬಗ್ಗಿಸಿಬಿಡುತ್ತಿದ್ದ, ನಾಚಿಕೆಯಾಗಿ ಮೊದಲಿನಿಂದ ಶುರುಮಾಡುತ್ತಿದ್ದ.

ರಾರಾಸ್‌ಗೆ ಐದು ತುಂಬಿತು, ಶಿಶುವಿಹಾರಕ್ಕೆ ಹಾಕಿದರು. ಒಂದು ಬೆಳಿಗ್ಗೆ ತಿಂಡಿಗೆ ಕೂತವಳು, ಬಾಯಿತುಂಬ ಕರಿದ ಸೋಯಾ ತೆಂಪೆ ಅಗಿಯುತ್ತ, "ಕಾಕುಂಗ್, ನಮ್ಮಪ್ಪ ಯಾಕೆ ಸತ್ತಿದ್ದು? ಶಾಲೇಲಿ ಕೇಳ್ತಾರೆ" ಎಂದಳು.

ಒಲೆಯ ಮುಂದಿದ್ದ ವೆನಿಂಗಳ ಕೈ ನಿಂತಿತು. ತಿರುಗಿ ನೋಡಲಿಲ್ಲ.

ವಾಗಿಮಾನ್ ತಟ್ಟೆ ಸರಿಸಿದ. ಹೇಳಿದ. ಕುರ್ಚಿಯ ಮೇಲೆ ಹತ್ತಿದವನನ್ನು ಆಡಿಕೊಂಡದ್ದರಿಂದ ಹಿಡಿದು, ಕಪ್ಪೆ ಉಜ್ಜಿದ್ದು, ಹಾವು ಹಿಡಿದದ್ದು, ಹತ್ತು ಎಣಿಸುವುದನ್ನು ಎಳೆದದ್ದು, ಡಾಕ್ಟರಮ್ಮ ಕೇಳಿದಾಗ ನಿಜವನ್ನೇ ಸುಳ್ಳಾಗುವ ಹಾಗೆ ಹೇಳಿದ್ದು. ಈ ಸಲ ಬಗ್ಗಿಸಲಿಲ್ಲ. ನಡುವೆ ನಿಲ್ಲಿಸಲೂ ಇಲ್ಲ.

ಮಗು ಅಗಿಯುವುದನ್ನು ಬಿಟ್ಟು ಕೇಳಿತು. ಎಷ್ಟು ತಿಳಿಯಿತೋ ಏನೋ. ಹುಬ್ಬು ಗಂಟು ಹಾಕಿಕೊಂಡು, "ನಿಮ್ಗೆ ಬೇಗ ಎಣಿಸೋಕೆ ಬರ್ತಿರ್ಲಿಲ್ವಾ ಕಾಕುಂಗ್? ನಂಗೆ ಬರುತ್ತೆ ನೋಡಿ" ಎಂದು ಬೆರಳು ಮಡಚುತ್ತ ಒಂದೇ ಉಸಿರಿಗೆ ಒಂದರಿಂದ ಹತ್ತರ ತನಕ ಹೇಳಿ ಮುಗಿಸಿತು.

"ಬರ್ತಿತ್ತು ಮಗೂ" ಎಂದ ವಾಗಿಮಾನ್. "ಜನ ನೋಡ್ತಾ ಇದ್ರು."